ಕಾಲು ಹೇಳಿದ ಹಾಗೆ

“ಬೇರೆ ಏನು ಬೇಕಾದ್ರೂ ಹಾಕ್ಕೊಳ್ಳಿ. ಆ ಸೀಟು ಮಾತ್ರ ಬೇಡ.”

ಹೀಗೆಂದವರು ಮಂತ್ರವಾದಿಯಲ್ಲ, ಹೆದರುಪುಕ್ಕಲ ಕಾವಲುಗಾರನೂ ಅಲ್ಲ. ಯುದ್ಧವಾಹನಗಳ ಸಂಗ್ರಹಾಲಯದ ಇತಿಹಾಸದ ಮೇಡಂ. ಬಿಲ್ಲುಬಾಣದಿಂದ ಹಿಡಿದು ಟ್ಯಾಂಕಿನವರೆಗೆ, ಮನುಷ್ಯ ಮನುಷ್ಯನನ್ನು ಕೊಲ್ಲಲು ಏನೇನು ಕಂಡುಹಿಡಿದನೋ ಅದನ್ನೆಲ್ಲ ಅರೆದು ಕುಡಿದಾಕೆ. ಅಂಥವರು ಶೆಡ್ಡಿನ ಮೂಲೆಯ ಕಡೆಗೆ ಬೆರಳು ತೋರಿಸಿದರು, ಹತ್ತಿರ ಮಾತ್ರ ಹೋಗಲಿಲ್ಲ. ಮೂಲೆಯಲ್ಲಿ, ಹರಿದ ಟಾರ್ಪಾಲಿನ ಕೆಳಗೆ, ಮುಳ್ಳುತಂತಿ ಸುತ್ತಿದ ಒಂದು ಕಬ್ಬಿಣದ ಸೀಟು ಬಿದ್ದಿತ್ತು. ಬೆನ್ನೊರಗಿಲ್ಲ. ಕೂರುವ ಜಾಗಕ್ಕೆ ಹೊಲಿದ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಸುಟ್ಟ ರೊಟ್ಟಿಯ ಹಾಗಿತ್ತು.

ಕೇಳಿಸಿಕೊಂಡವಳು ಅಲ್ಲಿನ ಹಳೇ ಟ್ಯಾಂಕೊಂದರ ರಿಪೇರಿಗೆಂದು ಹೊಸದಾಗಿ ಬಂದ ಇಂಜಿನಿಯರ್. ಅವಳ ಹಿಂದೆಯೇ ಬಂದಿದ್ದ ತಮ್ಮ ಅವಳನ್ನು ‘ಅಕ್ಕ’ ಅನ್ನುತ್ತಿದ್ದುದರಿಂದ ವಾರ ತುಂಬುವುದರೊಳಗೆ ಇಡೀ ವರ್ಕ್‌ಶಾಪಿಗೇ ಅವಳು ಅಕ್ಕ. ತಮ್ಮನ ಹೆಸರು ಯಾರಿಗೂ ಬೇಕಾಗಲಿಲ್ಲ. ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಎತ್ತರದ ಆ ಗಂಡಸನ್ನು ಅವಳು ‘ಪುಟ್ಟ’ ಎಂದು ಕರೆಯುತ್ತಿದ್ದಳು; ಉಳಿದವರೂ ನಾಚಿಕೆಯಿಲ್ಲದೆ ಹಾಗೇ ಕರೆದರು. ಅಪ್ಪ ಅಮ್ಮ ಹೋದಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಬಳಿಕ ಅವನನ್ನು ಸಾಕಿದವಳು, ಓದಿಸಿದವಳು, ಓದು ಹತ್ತದಿದ್ದಾಗ ಭಾರೀ ವಾಹನಗಳ ಸ್ಟೇರಿಂಗ್ ಹಿಡಿಸಿದವಳು ಇವಳೇ. ಅವಳಿಗೆ ಅವನು, ಅವನಿಗೆ ಅವಳು. ಮೂರನೆಯವರು ಅಂತ ಯಾರೂ ಇರಲಿಲ್ಲ.

“ಯಾಕೆ ಮೇಡಂ, ಸೀಟಿಗೂ ದೆವ್ವ ಹಿಡಿಯುತ್ತಾ?” ಎಂದಳು ಅಕ್ಕ.

“ದೆವ್ವ ಅಲ್ಲ. ಮಾಟ.”

ಅಕ್ಕ ನಕ್ಕಳು. ಮೇಡಂ ನಗಲಿಲ್ಲ. ಅವರು ಹೇಳಿದ್ದು ಇಷ್ಟು.

ಆ ಟ್ಯಾಂಕು ಹಳೇ ಕಾಲದ್ದು, ಇಬ್ಬರೇ ಹಿಡಿಸುವಂಥದ್ದು. ಕೆಳಗೆ, ಮೂತಿಯ ಹತ್ತಿರ, ಡ್ರೈವರ್. ಅವನ ಬೆನ್ನ ಹಿಂದೆ, ತುಸು ಎತ್ತರದಲ್ಲಿ, ತಿರುಗುವ ಗುಮ್ಮಟದೊಳಗೆ ಕಮಾಂಡರ್. ಎಂಜಿನ್ನಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿಲ್ಲ. ಆಗಿನ್ನೂ ಕಿವಿಗೆ ಹಾಕುವ ಫೋನೂ ಇರಲಿಲ್ಲ. ಆದ್ದರಿಂದ ಕಮಾಂಡರ್ ಕಾಲಿನಲ್ಲೇ ಆಜ್ಞೆ ಕೊಡುತ್ತಿದ್ದ. ಡ್ರೈವರನ ಬೆನ್ನಿಗೆ ಒದ್ದರೆ ಮುಂದಕ್ಕೆ. ಎಡಹೆಗಲು ತುಳಿದರೆ ಎಡಕ್ಕೆ, ಬಲಹೆಗಲು ತುಳಿದರೆ ಬಲಕ್ಕೆ. ತಲೆಯ ಮೇಲೆ ಕಾಲಿಟ್ಟರೆ ನಿಲ್ಲಿಸು ಅಂತ. ಯುದ್ಧದಲ್ಲಿ ಒಂದು ದಿನ ಕಮಾಂಡರನಿಗೆ ಬಳಸು ದಾರಿ ಬೇಡವೆನಿಸಿತು. ಬೆನ್ನಿಗೆ ಒದ್ದ. ಅಡ್ಡವಿದ್ದ ಮನೆಯ ಗೋಡೆ ಸೀಳಿಕೊಂಡು ಟ್ಯಾಂಕು ಆಚೆ ಹೋಯಿತು. ಒಳಗೆ ಜ್ವರದಲ್ಲಿ ಮಲಗಿದ್ದ ಒಬ್ಬ ಹುಡುಗ ಚಕ್ರಗಳಿಗೆ ಸುತ್ತಿದ ಕಬ್ಬಿಣದ ಚೈನಿನಡಿ ಸಿಕ್ಕಿದ. ನೀರು ತರಲು ಹೋಗಿದ್ದ ಅವನ ಅಕ್ಕ ವಾಪಸು ಬಂದಾಗ ಗೋಡೆಯೂ ಇರಲಿಲ್ಲ, ತಮ್ಮನೂ ಇರಲಿಲ್ಲ.

“ಸ್ವಲ್ಪ ದೂರದಲ್ಲಿ ಟ್ಯಾಂಕಿನ ಚೈನು ಕಳಚಿಕೊಂಡಿತ್ತು. ಅವಳು ಅದೇ ನೀರು ತಗೊಂಡು ಬಂದ್ಲು. ಕಮಾಂಡರ್, ಡ್ರೈವರ್ ಇಬ್ಬರೂ ಕುಡಿದ್ರು. ಅವರು ಚೈನು ಕೂರಿಸೋ ಹೊತ್ತಿಗೆ ಒಳಗಿಳಿದು ಆ ಚರ್ಮದೊಳಗೆ ಏನೋ ಇಟ್ಟು ಹೊಲಿದ್ಲು. ಹೋಗುವಾಗ ಹೇಳಿ ಹೋದ್ಲಂತೆ: ‘ಆಜ್ಞೆ ಕೊಟ್ಟ ಕಾಲು ತನ್ನವರನ್ನೇ ತುಳೀಲಿ.’ ಕಮಾಂಡರನ ಡ್ರೈವರ್ ಯಾರು ಗೊತ್ತಾ? ಸ್ವಂತ ಅಣ್ಣನ ಮಗ. ಸಂಜೆಯೊಳಗೆ ಕುತ್ತಿಗೆ ಮುರಿದು ಸತ್ತ. ತುಳಿದದ್ದು ಚಿಕ್ಕಪ್ಪನ ಕಾಲು.”

“ಆಮೇಲೆ?”

“ಆಮೇಲೆ ಕೂತವರ ಕತೆ ಬೇಡ. ಸೀಟು ಕಿತ್ತು ಹಾಕಿದ ಮೇಲೆ ಯಾರಿಗೂ ಏನೂ ಆಗಿಲ್ಲ.”

ಅಕ್ಕ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡಳು. “ಮಾಟ ಮಾಡಿದವಳು ಸತ್ಲು, ಮಾಡಿಸ್ಕೊಂಡವನು ಸತ್ತ. ಈ ಮಾಟ ಮಾತ್ರ ಪೆನ್ಶನ್ ತಗೊಳ್ಳದೆ ಇನ್ನೂ ಡ್ಯೂಟೀಲಿದೆಯಾ ಮೇಡಂ?”

ಶೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದರು. ಪುಟ್ಟ ಎಲ್ಲರಿಗಿಂತ ಜೋರಾಗಿ ನಕ್ಕ. “ಇವಳು ನನ್ನನ್ನ ಚಿಕ್ಕಂದಿನಿಂದ ಒದ್ದುಕೊಂಡೇ ಬೆಳೆಸಿದ್ದು. ಇನ್ನೊಂದೆರಡು ಒದೆ ಬಿದ್ರೆ ಸಾಯ್ತೀನಾ?” ಎಂದ.

ಮೇಡಂ ಅವನ ಮುಖವನ್ನೇ ನೋಡುತ್ತ ನಿಂತರು. “ನೀವಿಬ್ಬರು ಅಕ್ಕ ತಮ್ಮ ಅಂತ ನಂಗೆ ಮೊದಲೇ ಗೊತ್ತಿದ್ರೆ ಈ ಕೆಲಸಕ್ಕೆ ಕರೆಸೋಕೇ ಬಿಡ್ತಿರಲಿಲ್ಲ,” ಎಂದು ಹೊರಟುಹೋದರು.

ಓದಿದವರ ಭಯಕ್ಕೆ ಮರ್ಯಾದೆ ಕಡಿಮೆ. ಹಳ್ಳಿಯ ಮುದುಕಿ ಹೆದರಿದರೆ ಪಾಪ ಅನ್ನುತ್ತೇವೆ. ಓದಿದವರು ಹೆದರಿದರೆ ತಲೆ ಕೆಟ್ಟಿದೆ ಅನ್ನುತ್ತೇವೆ. ಅಕ್ಕನೂ ಹಾಗೇ ಅಂದುಕೊಂಡಳು. ಮೇಲಾಗಿ ಅವಳದ್ದು ಒಂದು ಹಟ. ವಾಹನ ರಿಪೇರಿ ಮಾಡಿದರೆ ಅದು ಹುಟ್ಟಿದ ದಿನ ಹೇಗಿತ್ತೋ ಹಾಗೇ ಇರಬೇಕು. ಒಂದು ಬೋಲ್ಟು ಬೇರೆ ಅಳತೆಯದಾದರೂ ಅವಳಿಗೆ ರಾತ್ರಿ ನಿದ್ದೆ ಹತ್ತದು. ಕಮಾಂಡರನ ಸೀಟೇ ಇಲ್ಲದ ಟ್ಯಾಂಕನ್ನು ಜನರಿಗೆ ತೋರಿಸುವುದೆಂದರೆ ಬಾಯಿಲ್ಲದ ಮಡಕೆಗೆ ಬಣ್ಣ ಬಳಿದಂತೆ ಎಂದು ದೊಡ್ಡ ಸಾಹೇಬರೆದುರು ವಾದಿಸಿದಳು. ಸಾಹೇಬರಿಗೆ ಉದ್ಘಾಟನೆಯ ದಿನ ಟ್ಯಾಂಕು ಓಡಿದರೆ ಸಾಕಿತ್ತು. ಹೂಂ ಅಂದರು.

ಒಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಹೋದಾಗ, ಅವಳು ಮುಳ್ಳುತಂತಿ ಕತ್ತರಿಸಿ ಚರ್ಮ ಬಿಚ್ಚಿದಳು. ದಾರ ಒಂದೊಂದೇ ಟಪ್ ಟಪ್ ಎಂದು ಕಿತ್ತು ಬಂತು. ಒಳಗೆ, ಸ್ಪ್ರಿಂಗುಗಳ ನಡುವೆ, ಮುಷ್ಟಿಗಾತ್ರದ ಬಟ್ಟೆಯ ಗಂಟು. ಬಿಚ್ಚಿದಳು. ಸುಣ್ಣ ಹತ್ತಿದ ಮಣ್ಣಿನ ಹೆಂಟೆ. ಅದರಲ್ಲಿ ಚೈನಿನ ಹಲ್ಲಿನ ಗುರುತು. ಕೂದಲಿನ ಒಂದು ಎಳೆಗಂಟು, ಮಗುವಿನ ಕೂದಲಿನಷ್ಟು ಮೆತ್ತಗೆ. ತುಕ್ಕು ಹಿಡಿದ ಮೊಳೆಯೊಂದು ಒಂದು ಬಟ್ಟೆಗೊಂಬೆಯ ಕುತ್ತಿಗೆಯಲ್ಲಿ ನಾಟಿತ್ತು. ಆ ಕ್ಷಣಕ್ಕೆ ಅವಳ ಮೈ ಜುಂ ಎಂದದ್ದು ನಿಜ. ಹಾಗಾದ ಬಗ್ಗೆ ಅವಳಿಗೇ ಸಿಟ್ಟು ಬಂತು. ಗಂಟನ್ನು ಹಾಗೇ ನೆಲಕ್ಕೆ ಹಾಕಿ, ಮೇಲೆ ಒಂದಿಷ್ಟು ಡೀಸೆಲ್ ಸುರಿದು ಕಡ್ಡಿ ಗೀರಿದಳು. ಕೂದಲು ಸುಟ್ಟ ಕಮಟು ಶೆಡ್ಡಿನ ತುಂಬ ಹರಡಿತು. ಉರಿ ಇಳಿದ ಮೇಲೆ, ಕಿಡಿ ಹಾರೀತೆಂದು, ಬೂದಿಯನ್ನು ಬಲಗಾಲಿನ ಬೂಟಿನಿಂದ ಚೆನ್ನಾಗಿ ಹೊಸಕಿದಳು.

“ಮುಗೀತು ನಿಮ್ಮ ಮಾಟ,” ಎಂದು ಸಂಜೆ ಮೇಡಂಗೆ ಹೇಳಿದಳು.

ಮೇಡಂ ಅವಳ ಬಲಗಾಲಿನ ಬೂಟಿಗೆ ಹತ್ತಿದ್ದ ಬೂದಿ ನೋಡಿದರು. ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

ಸೀಟಿಗೆ ಹೊಸ ಚರ್ಮ ಬಂತು. ಅದು ಗುಮ್ಮಟದ ಬುಡದ ಉಕ್ಕಿನ ಬಳೆಯಿಂದ ಕಬ್ಬಿಣದ ತೋಳೊಂದರಲ್ಲಿ ಕೆಳಕ್ಕೆ ಇಳಿಬಿದ್ದಿರುವ ಸೀಟು. ಪಕ್ಕದ ಹ್ಯಾಂಡಲ್ ಸುತ್ತಿದರೆ ಗುಮ್ಮಟ ತಿರುಗುತ್ತದೆ, ಅದರೊಂದಿಗೆ ಸೀಟೂ ತಿರುಗುತ್ತದೆ. ತಿರುಗುವಾಗ ಕಾಲು ಮಡಚಿಕೊಳ್ಳಬೇಕು. ಇಲ್ಲವಾದರೆ ಸೀಟಿಗೂ ಗುಂಡುಗಳನ್ನು ಜೋಡಿಸಿಡುವ ಉಕ್ಕಿನ ಕಪಾಟಿಗೂ ನಡುವೆ ಸಿಕ್ಕಿಬೀಳುತ್ತದೆ. ಆ ಹ್ಯಾಂಡಲಿಗೆ ಅವಳೇ ಎಣ್ಣೆ ಬಿಟ್ಟು ಹೂವಿನಷ್ಟು ಹಗುರ ಮಾಡಿದ್ದಳು.

ಕಾಲಿನ ಆಜ್ಞೆಯನ್ನು ಪುಟ್ಟನಿಗೆ ಕಲಿಸಿದ್ದು ಶೆಡ್ಡಿನಲ್ಲೇ, ಒಂದು ಸ್ಟೂಲಿನ ಮೇಲೆ ತಾನು ಕೂತು, ಅವನನ್ನು ಮುಂದೆ ನೆಲಕ್ಕೆ ಕೂರಿಸಿ. ಎಡಹೆಗಲು ಮುಟ್ಟಿದರೆ ಅವನು ಬಾಯಲ್ಲೇ ಬುರ್ರ್ ಎಂದು ಸದ್ದು ಮಾಡಿ ಎಡಕ್ಕೆ ವಾಲುತ್ತಿದ್ದ. ನಡುನಡುವೆ ಅವಳು ಬೇಕೆಂದೇ “ಬಲಕ್ಕೋ!” ಎಂದು ಕೂಗಿ ಎಡಹೆಗಲು ಒತ್ತುತ್ತಿದ್ದಳು. ಅವನು ಬಲಕ್ಕೆ ವಾಲಿದರೆ ತಲೆಗೊಂದು ಮೊಟಕು. “ಬಾಯಿ ಕೇಳ್ಬೇಡ, ಕಾಲು ಕೇಳು. ಆ ಗದ್ದಲದಲ್ಲಿ ನಾನು ಏನು ಕೂಗಿದ್ರೂ ನಿಂಗೆ ತಪ್ಪಾಗೇ ಕೇಳ್ಸುತ್ತೆ. ನಾನೇ ನಿಲ್ಲಿಸು ಅಂದ್ರೂ ಕಾಲು ಹೇಳೋ ತನಕ ನಿಲ್ಲಿಸ್ಬೇಡ. ಗೊತ್ತಾಯ್ತಾ?”

“ಗೊತ್ತಾಯ್ತು ಮಹಾತಾಯಿ.”

ಓಡಿಸಿ ನೋಡುವ ದಿನ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಳದ ಎಡಬದಿಗೆ ಉಗ್ರಾಣದ ಇಟ್ಟಿಗೆ ಗೋಡೆ. ಅದರ ನೆರಳಿನಲ್ಲಿ ದೊಡ್ಡ ಸಾಹೇಬರು, ಮೇಡಂ, ವರ್ಕ್‌ಶಾಪಿನ ಜನ ನಿಂತಿದ್ದರು. ಪುಟ್ಟ ಮೂತಿಯೊಳಗೆ ಮೈ ಮಡಚಿ ಇಳಿದ. ಯುದ್ಧದಲ್ಲಿದ್ದ ಹಾಗೇ ಇರಲಿ ಎಂದು ಅಕ್ಕ ಅವನ ತಲೆಯ ಮೇಲಿನ ಮುಚ್ಚಳವನ್ನೂ ಹಾಕಿಸಿದಳು. ಅವನ ಕಣ್ಣಿಗೆ ಉಳಿದದ್ದು ಒಂದು ಬೆರಳಗಲದ ಸೀಳು.

ಎಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಹೊಗೆ ಉಗುಳಿ ಗುಡುಗತೊಡಗಿತು. ಅಂಗಳದ ನಡುವಿನ ತನಕ ನೆಟ್ಟಗೆ ಹೋಗು, ಅಲ್ಲಿಂದ ನಾನು ಒಳಗಿಳಿದು ಕಾಲು ಕೊಡ್ತೀನಿ ಎಂದು ಮೊದಲೇ ಹೇಳಿದ್ದ ಅಕ್ಕ, ಗುಮ್ಮಟದ ಬಾಯಿಯ ಅಂಚಿನಲ್ಲಿ ಕೂತಳು. ಕಾಲು ಎರಡೂ ಹೊರಕ್ಕೆ. ಚೈನುಗಳು ಕಟಕಟನೆ ನೆಲ ಕಚ್ಚಿದವು. ಟ್ಯಾಂಕು ಹೊರಟಿತು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಅವಳ ಎದೆ ಉಬ್ಬಿತು. ಇಷ್ಟು ವರ್ಷ ಸತ್ತು ಬಿದ್ದಿದ್ದ ಕಬ್ಬಿಣಕ್ಕೆ ತಾನು ಜೀವ ಕೊಟ್ಟೆನಲ್ಲ ಎಂದು ಹಿಗ್ಗಿದಳು.

ಟ್ಯಾಂಕು ಎಡಕ್ಕೆ ತಿರುಗಿತು.

“ಲೋ ಪುಟ್ಟ! ಎಲ್ಲಿಗೋ?” ಬಾಗಿ ಗುಮ್ಮಟದೊಳಕ್ಕೆ ಕೂಗಿದಳು.

ಎಂಜಿನ್ನಿನ ಅಬ್ಬರದ ನಡುವೆಯೂ ಅವನ ದನಿ ಮೇಲೆ ಬಂತು. ಅವರ ಮನೆತನದ ಗಂಟಲೇ ಅಂಥದ್ದು. “ನೀನೇ ಎಡಕ್ಕೆ ಅಂದ್ಯಲ್ಲ! ಮೆಲ್ಲಗೆ ತುಳಿಯೇ ಅಕ್ಕ, ಹೆಗಲು ಕಿತ್ತು ಬರುತ್ತೆ!”

ಅವಳು ತನ್ನ ಕಾಲು ನೋಡಿಕೊಂಡಳು. ಎಡಗಾಲು. ಬಲಗಾಲು. ಎರಡೂ ಬಿಸಿಲಿನಲ್ಲಿದ್ದವು. ಬೂಟಿನ ಮೇಲೆ ಎಣ್ಣೆಯ ಕಲೆ ಹೊಳೆಯುತ್ತಿತ್ತು.

“ನಾನು ಹೊರಗಿದ್ದೀನೋ! ನಿಲ್ಲಿಸು!”

“ಬೆನ್ನಿಗೆ ಒದೀತಾನೇ ಇದ್ದೀಯ, ನಿಲ್ಲಿಸು ಅಂತೀಯ! ಆಟ ಆಡ್ಬೇಡ. ಕಾಲು ಹೇಳಿದ್ದೇ ಕೇಳೋದು ನಾನು!”

ಎದುರಿಗೆ ಗೋಡೆ. ಗೋಡೆಯ ಕೆಳಗಿದ್ದವರು ಮೊದಲು ನಗುತ್ತಿದ್ದರು. ಆಮೇಲೆ ನಗು ನಿಂತಿತು. ಆಮೇಲೆ ಓಡಿದರು. ಮೇಡಂ ಮಾತ್ರ ಓಡದೆ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದರು. ಬಾಯಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೂರಬೇಡ ಅಂದರೋ, ಇಳಿಯಬೇಡ ಅಂದರೋ.

ಅಕ್ಕ ಒಳಕ್ಕೆ ಜಿಗಿದಳು.

ಕತ್ತಲು. ಬಿಸಿಲಿನಿಂದ ಬಂದ ಕಣ್ಣಿಗೆ ಏನೂ ಕಾಣಲಿಲ್ಲ. ಮೂಗಿಗೆ ಮೊದಲು ಬಡಿದದ್ದು ವಾಸನೆ. ಡೀಸೆಲ್ಲಿನದಲ್ಲ, ಗ್ರೀಸಿನದಲ್ಲ. ಆಗಷ್ಟೇ ಒಡೆದ ಗೋಡೆಯದು. ಸುಣ್ಣ, ಹಸಿಮಣ್ಣು, ಜ್ವರದ ಹಾಸಿಗೆಯ ಬೆವರು. ಅದರ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಕಣ್ಣು ಹೊಂದಿಕೊಂಡಾಗ ಸೀಟು ಕಂಡಿತು. ಖಾಲಿ. ಆದರೆ ಹೊಸ ಚರ್ಮ ತಗ್ಗಿತ್ತು. ಸ್ಪ್ರಿಂಗುಗಳು ಭಾರಕ್ಕೆ ಕಿರುಗುಟ್ಟುತ್ತಿದ್ದವು. ಮುಂದೆ, ಕೆಳಗೆ, ಪುಟ್ಟನ ಬೆನ್ನು. ಅಂಗಿಯ ಮೇಲೆ ಪಾದದಗಲ ಗುಣಿ ಬೀಳುತ್ತಿತ್ತು, ಏಳುತ್ತಿತ್ತು. ಮತ್ತೆ ಬೀಳುತ್ತಿತ್ತು. ಒದೆ ಬಿದ್ದಂತೆಲ್ಲ ಅವನ ಕಾಲು ಎಂಜಿನ್ನಿಗೆ ಇನ್ನಷ್ಟು ಡೀಸೆಲ್ ಕೊಡುತ್ತಿತ್ತು.

ಕೈ ಚಾಚಿದಳು. ಎಟುಕಲಿಲ್ಲ. ಕಬ್ಬಿಣದ ತೋಳು ಅಡ್ಡ. ಅವನನ್ನು ಮುಟ್ಟಬೇಕಾದರೆ ಸೀಟಿನಲ್ಲಿ ಕೂರಬೇಕು, ಕಾಲು ಚಾಚಬೇಕು. ಹಾಗೆಂದೇ ಮಾಡಿದ ಜಾಗ ಅದು. ಬೇರೆ ದಾರಿ ಇರಲಿಲ್ಲ. ಮೇಡಂ ಹೇಳಿದ ಮಾತು ಅವಳಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಆದರೆ ಎದುರಿಗೆ ಗೋಡೆ ಇತ್ತು, ಗೋಡೆಗೂ ತನಗೂ ನಡುವೆ ತಮ್ಮ ಇದ್ದ.

ಕೂತಳು. ತಣ್ಣಗಿತ್ತು. ಯಾರೋ ಎದ್ದು ಜಾಗ ಬಿಟ್ಟುಕೊಟ್ಟ ಹಾಗಿತ್ತು.

ಬಲಗಾಲು ಚಾಚಿ ಪುಟ್ಟನ ತಲೆಯ ಮೇಲಿಟ್ಟಳು. ಅವನು ತಕ್ಷಣ ಬ್ರೇಕು ತುಳಿದ. ಟ್ಯಾಂಕು ಒಮ್ಮೆ ಮುಗ್ಗರಿಸಿ, ಗೋಡೆಗೆ ಒಂದು ಗೇಣು ಉಳಿದಿದೆ ಅನ್ನುವಾಗ ನಿಂತಿತು. ಎಂಜಿನ್ ಆರಿತು. ಹೊರಗೆ ಯಾರೋ ಜೋರಾಗಿ ಅಳುತ್ತಿದ್ದರು.

“ಅಬ್ಬಾ!” ಎಂದ ಪುಟ್ಟ, ಏದುಸಿರಿನಲ್ಲೇ ನಗುತ್ತ. “ಏನಾಯ್ತೇ ನಿಂಗೆ? ಸರಿ, ನಿಂತಿದೆ. ಕಾಲು ತೆಗಿ.”

ಅವಳು ಕಾಲು ತೆಗೆದಳು. ತೆಗೆದೆ ಅಂದುಕೊಂಡಳು. ಕಾಲು ಅಲ್ಲೇ ಇತ್ತು.

“ಅಕ್ಕ, ತೆಗಿ.”

ಮೊಣಕಾಲಿನ ತನಕ ಅವಳ ಕಾಲು. ಅಲ್ಲಿಂದಾಚೆ ಅವಳದಲ್ಲ. ಭಾರ ಇಳಿಯುತ್ತಿತ್ತು. ಒಂದು ಮನೆಯಷ್ಟು ಭಾರ.

“ಅಕ್ಕ, ನೋವಾಗ್ತಿದೆ.”

“ತೆಗೀತೀನೋ! ತೆಗೀತೀನಿ!” ಎರಡೂ ಕೈಯಿಂದ ತೊಡೆ ಹಿಡಿದು ಎಳೆದಳು. ಉಗುರು ಬಟ್ಟೆ ಹರಿದು ಚರ್ಮಕ್ಕಿಳಿದವು. ಪಾದ ಅಲುಗಲಿಲ್ಲ. ಪುಟ್ಟನ ಗದ್ದ ಎದೆಗೆ ತಾಗಿತು. ಕೈಯೆರಡನ್ನೂ ಮೇಲೆತ್ತಿ ಅವಳ ಬೂಟು ಹಿಡಿದುಕೊಂಡ. ಆ ಕೈ. ಅಷ್ಟು ದೊಡ್ಡ ಕೈ. ಅಲುಗಿಸಲಾಗಲಿಲ್ಲ. ಅವನ ಕುತ್ತಿಗೆಯಿಂದ ಸಣ್ಣದೊಂದು ಸದ್ದು ಬಂತು. ಹಸಿ ಕಡ್ಡಿ ಬಾಗಿಸಿದಂಥ ಸದ್ದು.

“ಅ...”

ಅವನ ಬಾಯಿಂದ ಪೂರ್ತಿ ಅಕ್ಕ ಬರಲಿಲ್ಲ.

ಅವಳ ಎಡಗೈಗೆ ಏನೋ ತಾಗಿತು. ಹ್ಯಾಂಡಲ್. ಗುಮ್ಮಟ ತಿರುಗಿಸುವ ಹ್ಯಾಂಡಲ್. ಕಾಲು ಮಡಚದೆ ತಿರುಗಿಸಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯೋಚಿಸಲಿಲ್ಲ. ಸುತ್ತಿದಳು. ಗುಮ್ಮಟ ತಿರುಗಿತು. ಸೀಟು ತಿರುಗಿತು. ಕಾಲು ಉಕ್ಕಿನ ಕಪಾಟಿಗೆ ಒತ್ತಿತು. ಪಾದ ಬಿಡಲಿಲ್ಲ. ಮತ್ತೆ ಸುತ್ತಿದಳು. ಮೂಳೆ ಮುರಿದ ಸದ್ದು ಮೊದಲು ಕೇಳಿಸಿತು. ನೋವು ಆಮೇಲೆ ಬಂತು. ಪಾದ ಇನ್ನೂ ಬಿಡಲಿಲ್ಲ. ಅಯ್ಯೋ, ಇನ್ನೂ ಬಿಡಲಿಲ್ಲ. ಹಲ್ಲು ಕಚ್ಚಿದಳು. ಅಮ್ಮಾ ಎಂದು ಕಿರುಚಿದಳು. ಮತ್ತೆ ಸುತ್ತಿದಳು. ಅವಳೇ ಎಣ್ಣೆ ಬಿಟ್ಟ ಹ್ಯಾಂಡಲ್. ಹಗುರವಾಗಿ ಸುತ್ತಿತು.

ಪಾದ ಜಾರಿತು. ಪುಟ್ಟ ಮುಂದಕ್ಕೆ ಮುಗ್ಗರಿಸಿ ಉಸಿರೆಳೆದುಕೊಂಡ. ಆ ಉಸಿರಿನ ಸದ್ದು ಕೇಳಿದ ಮೇಲೆಯೇ ಅವಳಿಗೆ ಪ್ರಜ್ಞೆ ತಪ್ಪಿದ್ದು.

ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಪುಟ್ಟ ಬದುಕಿದ. ಕುತ್ತಿಗೆಗೆ ಪಟ್ಟಿ ಹಾಕಿದ್ದರು, ಒಂದು ಹೆಗಲು ವಾಲಿತ್ತು, ಅಷ್ಟೇ. ಅಕ್ಕನಿಗೆ ಅಷ್ಟು ಸಾಕಾಗಿತ್ತು. ಒಂದು ಕಾಲು ತಾನೇ, ಹೋದರೆ ಹೋಗಲಿ. ದಿನಾ ಭೇಟಿಯ ಹೊತ್ತಿಗೆ ಅವನು ಚೀಲದಲ್ಲಿ ಹಣ್ಣು, ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬರುತ್ತಿದ್ದ. ಮಂಚದ ಕಾಲ ಬಳಿ ಸ್ಟೂಲು ಎಳೆದುಕೊಂಡು, ಪಟ್ಟಿಯ ಕುತ್ತಿಗೆ ತಿರುಗದೆ, ಇಡೀ ಮೈ ತಿರುಗಿಸಿ ಅವಳನ್ನು ನೋಡುತ್ತಿದ್ದ. ನೋಡಿ ನಗುತ್ತಿದ್ದ.

ಇಲ್ಲದ ಕಾಲು ಇದ್ದಂತೆ ಅನ್ನಿಸುತ್ತದೆ ಎಂದು ಅವಳು ಡಾಕ್ಟರಿಗೆ ಹೇಳಿದಳು. “ಎಲ್ಲರಿಗೂ ಆಗುತ್ತೆ. ಬೆರಳು ತುರಿಸುತ್ತೆ, ಹಿಮ್ಮಡಿ ನೋಯುತ್ತೆ. ನರಗಳ ಆಟ ಅದು, ಹೋಗ್ತಾ ಹೋಗ್ತಾ ಸರಿಹೋಗುತ್ತೆ,” ಎಂದರು ಡಾಕ್ಟರು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಅವಳ ಬೆರಳು ತುರಿಸುತ್ತಿರಲಿಲ್ಲ, ಹಿಮ್ಮಡಿ ನೋಯುತ್ತಿರಲಿಲ್ಲ. ಪಾದ ಏನನ್ನೋ ಹುಡುಕುತ್ತಿತ್ತು.

ಒಂದು ಮಧ್ಯಾಹ್ನ ಪುಟ್ಟ ಮಂಚಕ್ಕೆ ಬೆನ್ನೊರಗಿಸಿ ಕೂತಲ್ಲೇ ತೂಕಡಿಸುತ್ತಿದ್ದ. ಕಿಟಕಿಯ ಬೆಳಕು ಅವನ ಮೇಲೆ ಬಿದ್ದಿತ್ತು. ಹೊದಿಕೆಯ ಕೆಳಗೆ ಅವಳ ಬಲಗಡೆ ಚಪ್ಪಟೆಯಾಗಿತ್ತು, ಏನೂ ಇರಲಿಲ್ಲ. ಆಗ ಪಾದಕ್ಕೆ ಏನೋ ಸಿಕ್ಕಿತು. ಮೆತ್ತಗೆ. ಬೆಚ್ಚಗೆ. ಪುಟ್ಟನ ಎಡಹೆಗಲು, ಯಾರೂ ಮುಟ್ಟದೆ, ನಿಧಾನವಾಗಿ ತಗ್ಗಿತು. ಅಂಗಿಯ ಮೇಲೆ ಗುಣಿ ಬಿತ್ತು.

ಅವನು ಕಣ್ಣು ತೆರೆಯಲಿಲ್ಲ. ನಿದ್ದೆಯ ದನಿಯಲ್ಲೇ ಕೇಳಿದ. “ಎಡಕ್ಕೆ ಸರೀಬೇಕಾ ಅಕ್ಕ?”

ಸ್ಟೂಲನ್ನು ಎಡಕ್ಕೆ ಸರಿಸಿಕೊಂಡು ಮತ್ತೆ ನಿದ್ದೆಹೋದ.

“ಏಳೋ!” ಅವಳು ಅರಚಿದ ರಭಸಕ್ಕೆ ಅಕ್ಕಪಕ್ಕದ ಮಂಚದವರೂ ಎದ್ದು ಕೂತರು. “ಏಳು! ಹೋಗು ಇಲ್ಲಿಂದ!”

ಅವನು ಗಾಬರಿಯಿಂದ ಎದ್ದು ನಿಂತ. “ಏನಾಯ್ತೇ?”

“ಹೋಗು ಅಂದೆ. ನಾಳೆಯಿಂದ ಬರ್ಬೇಡ.”

“ನನ್ನ ಮೇಲೆ ಸಿಟ್ಟಾ ಅಕ್ಕ? ಅವತ್ತು ನೀನು ಕೂಗಿದಾಗ್ಲೇ ನಾನು ನಿಲ್ಲಿಸ್ಬೇಕಿತ್ತು. ಗೊತ್ತು. ಆದ್ರೆ ನೀನೇ ಹೇಳಿದ್ದೆ...”

“ಹೌದು. ಸಿಟ್ಟು. ಮುಖ ತೋರಿಸ್ಬೇಡ.”

ಗಲಾಟೆಗೆ ನರ್ಸು ಓಡಿ ಬಂದಳು. ಪುಟ್ಟ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದವನು ಅಲ್ಲೇ ನಿಂತ. ಚಿಕ್ಕಂದಿನಲ್ಲಿ ಬೈಸಿಕೊಂಡಾಗಲೂ ಹಾಗೇ ಬಾಗಿಲಲ್ಲಿ ನಿಂತು ಅವಳು ಕರೆಯುವುದನ್ನು ಕಾಯುತ್ತಿದ್ದ. ಅವಳ ಪಾದ ಅತ್ತ ಚಾಚಿತ್ತು. ಬಾಗಿಲಲ್ಲಿ ನಿಂತವನ ಹೆಗಲು ಮತ್ತೆ ತಗ್ಗುವುದನ್ನು ಅವಳು ಕಣ್ಣಾರೆ ಕಂಡಳು. ಅಷ್ಟು ದೂರಕ್ಕೂ ಎಟುಕುತ್ತಿತ್ತು ಅದು. ತನ್ನವರಾದರೆ ಸಾಕು, ಎಲ್ಲಿದ್ದರೂ ಎಟುಕುತ್ತಿತ್ತು.

“ಯಾರಮ್ಮ ಅವರು? ನಿಮ್ಮ ತಮ್ಮ ಅಲ್ವಾ? ಯಾಕೆ ಹಾಗೆ ಬೈತೀರಿ?” ಎಂದಳು ನರ್ಸು.

ಅಕ್ಕ ಅವನ ಮುಖ ನೋಡಿಯೇ ಹೇಳಿದಳು. “ತಮ್ಮ ಅಲ್ಲ. ಅವನು ನನಗೆ ಯಾರೂ ಅಲ್ಲ. ನನಗೆ ಯಾರೂ ಇಲ್ಲ.”

ಅವನ ಹೆಗಲು ಮೆಲ್ಲಗೆ ಮೇಲೆದ್ದಿತು. ಅದು ಅವನಿಗೆ ತಿಳಿಯಲಿಲ್ಲ. ಅವನಿಗೆ ತಿಳಿದದ್ದು ಮಾತು ಮಾತ್ರ. ಗಂಜಿಯ ಫ್ಲಾಸ್ಕನ್ನು ಬಾಗಿಲ ಪಕ್ಕ ನೆಲದ ಮೇಲಿಟ್ಟು, ತಿರುಗದ ಕುತ್ತಿಗೆಯನ್ನು ತಿರುಗಿಸಲು ಒಮ್ಮೆ ನೋಡಿ, ಆಗದೆ, ಹೊರಟುಹೋದ. ಅವಳು ಕರೆಯಲಿಲ್ಲ.